ಎರಡು ಚಂದ್ರರ ಏಕಾದಶಿ

ನೋಟಿಸ್ ಬೋರ್ಡಿನ ಮೇಲೆ ಒಂದು ಚೌಕ ಖಾಲಿ ಉಳಿಯದಿದ್ದರೆ ಶ್ರೀನಿವಾಸರಾಯರ ಆ ಶನಿವಾರ ಉಳಿದ ಶನಿವಾರಗಳ ಹಾಗೇ ಸದ್ದಿಲ್ಲದೆ ಕಳೆದುಹೋಗುತ್ತಿತ್ತು.

ರಾಯರು ಹೈದರಾಬಾದಿನ ತಾರ್ನಾಕದ ಒಂದು ಖಗೋಳ ಕೇಂದ್ರದಲ್ಲಿ ಮೂವತ್ತೊಂದು ವರ್ಷದಿಂದ ನೌಕರಿ ಮಾಡುತ್ತಿದ್ದರು. ನಕ್ಷತ್ರಗಳಿಗೂ ಅವರಿಗೂ ಇದ್ದ ಸಂಬಂಧ ಟಪಾಲಿನದು ಮಾತ್ರ. ಬಂದ ಕಾಗದಕ್ಕೆ ನಂಬರು ಹಾಕಬೇಕು, ಹೋಗುವ ಕಾಗದಕ್ಕೆ ಮೊಹರು ಒತ್ತಬೇಕು, ನಡುವೆ ಯಾರು ಏನು ಹೇಳಿದರೂ ‘ಹೌದ್ರಿ’ ಅನ್ನಬೇಕು. ಈ ಮೂರನೆಯ ಕೆಲಸದಲ್ಲಿ ಅವರಷ್ಟು ನುರಿತವರು ಇಡೀ ಕೇಂದ್ರದಲ್ಲಿ ಇನ್ನೊಬ್ಬರಿರಲಿಲ್ಲ.

ಕೇಂದ್ರಕ್ಕೆ ಐವತ್ತು ವರ್ಷ ತುಂಬಿದ ಸಂಭ್ರಮಕ್ಕೆ ನಿರ್ದೇಶಕ ಡಾಕ್ಟರ್ ವಿಶ್ವಜಿತ್ ಹೊಸದೊಂದು ಯೋಜನೆ ಹಾಕಿದ್ದರು. ಹನ್ನೆರಡು ಜ್ಯೋತಿರ್ವರ್ಷ ದೂರದಲ್ಲಿ ಒಂದು ನಕ್ಷತ್ರವಿದೆ, ಅದರ ಸುತ್ತ ಜೀವಕ್ಕೆ ಒಗ್ಗುವಂಥ ಗ್ರಹವೊಂದು ಇರಬಹುದು ಎಂಬುದು ಅವರ ಅಂದಾಜು. ಅಲ್ಲಿ ಯಾರಾದರೂ ಇದ್ದರೆ ಅವರಿಗೆ ಹದಿನಾಲ್ಕು ಭಾಷೆಗಳಲ್ಲಿ, ಭಾಷೆಗೆ ಒಂದು ನಿಮಿಷದಂತೆ, ರೇಡಿಯೋ ಮೂಲಕ ನಮಸ್ಕಾರ ಹೇಳುವುದು. ಮಾತಾಡುವವರು ಸಿಬ್ಬಂದಿಯವರೇ ಆಗಿರಬೇಕು. ಬೋರ್ಡಿನ ಮೇಲೆ ಪಟ್ಟಿ ಬಂತು. ತೆಲುಗಿಗೆ ಒಂಬತ್ತು ಜನ ಜಗಳವಾಡಿದರು, ಉರ್ದುವಿಗೆ ನಾಲ್ವರು. ಕನ್ನಡದ ಚೌಕ ಮೂರು ದಿನ ಖಾಲಿ ಇತ್ತು. ನಾಲ್ಕನೆಯ ದಿನ ರಾಯರು ಅತ್ತಿತ್ತ ನೋಡಿ, ಕಿಸೆಯಿಂದ ಪೆನ್ನು ತೆಗೆದು, ಅಲ್ಲಿ ತಮ್ಮ ಹೆಸರು ಬರೆದರು. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲಿಯೂ ಅವರು ತಾವಾಗಿ ಹೆಸರು ಬರೆದವರಲ್ಲ.

ಬರೆದದ್ದಕ್ಕೆ ಕಾರಣವಿತ್ತು. ರಾಯರ ಅವ್ವ ಬೀದರ್ ಕಡೆಯವಳು. ದಿನಾ ಒಂದು ರೊಟ್ಟಿ ಹೆಚ್ಚಿಗೆ ಬಡಿದು ಬಟ್ಟೆ ಮುಚ್ಚಿ ಇಡುವುದು ಅವಳ ಪದ್ಧತಿ. ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಬಂದರೆ ಇರಲಿ ಎಂದು. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತಿದ್ದ ಕಾಲದಲ್ಲಿ ಒಮ್ಮೆ ಸಣ್ಣ ಶ್ರೀನಿವಾಸ ಆಕಾಶಕ್ಕೆ ಬೆರಳು ಮಾಡಿ, “ಅವ್ವಾ, ಅಲ್ಲೆ ಮಂದಿ ಇರ್ತಾರೇನು?” ಎಂದು ಕೇಳಿದ್ದ. ಅವಳು ಸ್ವಲ್ಪ ಹೊತ್ತು ಮೇಲೆ ನೋಡಿ, “ಇದ್ರೂ ಇರಬಹುದು ಪಾ. ಅವರದು ಊಟಾ ಆಗ್ಯದೋ ಇಲ್ಲೋ” ಎಂದಿದ್ದಳು. ಅವಳು ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ತಮಗೆ ಸಿಕ್ಕ ಒಂದು ನಿಮಿಷದಲ್ಲಿ ಅವ್ವನ ಆ ಪ್ರಶ್ನೆಯನ್ನು ಆಕಾಶದ ಆ ಮಂದಿಗೇ ಮುಟ್ಟಿಸಿಬಿಡಬೇಕು ಎಂಬುದು ರಾಯರ ಆಸೆ. ಜೀವನದಲ್ಲಿ ಇಷ್ಟು ದೊಡ್ಡ ಆಸೆಯನ್ನು ಅವರು ಪಟ್ಟವರೇ ಅಲ್ಲ. ನಕ್ಕಾರು ಎಂದು ಯಾರಿಗೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಮೆಹದಿಪಟ್ಟಣಂನ ಅವರ ಮನೆಯ ನಡುಮನೆಯಲ್ಲಿ ಕಾಶಿನಾಥಾಚಾರ್ಯರು ಕೂತಿದ್ದರು. ಆಚಾರ್ಯರು ರಾಯರ ಹೆಂಡತಿ ಶಾಮಲಾಬಾಯಿಯ ಅಣ್ಣ. ಸುಲ್ತಾನ್ ಬಜಾರ್ ಕಡೆ ಮನೆ, ಊರಿನ ಕನ್ನಡದವರ ಮನೆಗಳಲ್ಲಿ ಪುರಾಣ ಹೇಳುವುದು ಕಸುಬು. ಅವರ ಎದುರಿಗೆ ಧ್ವನಿ ಎತ್ತಿದವರು ಬಂಧುಬಳಗದಲ್ಲಿ ಯಾರೂ ಇರಲಿಲ್ಲ.

“ಬರ್ರಿ ರಾಯರ. ಶಾಮಲಾ ಎಲ್ಲಾ ಹೇಳಿದ್ಳು.”

“ನಾ ಏನೂ ಹೇಳಿಲ್ರೀ,” ಎಂದು ಶಾಮಲಾಬಾಯಿ ಅಡಿಗೆಮನೆಯಿಂದಲೇ ಕೂಗಿದರು. “ಇವರು ರೇಡಿಯೋದಾಗ ಮಾತಾಡ್ತಾರ ಅಂತ ಇಷ್ಟ ಅಂದೆ.”

“ಯಾರ ಜೋಡಿ ಮಾತಾಡ್ತಾರ ಅಂತ ಕೇಳಬೇಕಲ್ಲ?” ಆಚಾರ್ಯರು ರಾಯರ ಕಡೆ ತಿರುಗಿದರು. “ಲೋಕ ಹದಿನಾಲ್ಕು ಅವ. ಎಲ್ಲೆಲ್ಲೆ ಯಾರ‍್ಯಾರು ಇದ್ದಾರ ಅಂತ ಹಿರಿಯರು ಹೇಳಿಟ್ಟು ಯುಗ ಕಳದವು. ನಿಮ್ಮ ಸಾಹೇಬರು ಈಗ ಎದ್ದು ‘ಯಾರರೆ ಇದ್ದೀರೇನು’ ಅಂತ ಒದರಿದ್ರ ಮ್ಯಾಲಿನವರು ಏನಂದಾರು? ಭೂಲೋಕದವರಿಗೆ ಮರವು ಬಂದದ ಅಂತಾರ.”

“ಹೌದ್ರಿ,” ಎಂದರು ರಾಯರು.

ಆಚಾರ್ಯರು ಮಡಿಸಿದ ಹಾಳೆಯೊಂದನ್ನು ಕೊಟ್ಟರು. “ಇದನ್ನ ಓದ್ರಿ, ನಿಮಿಷಕ್ಕ ಸರಿ ಆಗ್ತದ. ಮತ್ತೊಂದು ಮಾತು. ಏನು ಬೇಕಾದ್ದು ಅನ್ರಿ, ‘ಬರ್ರಿ’ ಅಂತ ಮಾತ್ರ ಅನಬ್ಯಾಡ್ರಿ. ಕರದ್ರ ಆವಾಹನ ಆತು. ಆವಾಹನ ಮಾಡಿದವರನ್ನ ವಿಸರ್ಜನ ಮಾಡಿ ಕಳಸಬೇಕು. ಅಂಥಾವರನ್ನ ಕಳಸೋ ಮಂತ್ರ ನನಗೂ ಬರೂದಿಲ್ಲ.”

“ಛಲೋ ಹೇಳಿದಿ ಅಣ್ಣಾ,” ಎಂದು ಶಾಮಲಾಬಾಯಿ ಸೌಟು ಹಿಡಿದೇ ಹೊರಗೆ ಬಂದರು. “ಆ ಮಾತು ಇವರ ಬಾಯಾಗಿಂದ ತಾನಾಗೇ ಬರ್ತದ. ಹ್ವಾದ ತಿಂಗಳು ಯಾರೋ ರಾಂಗ್ ನಂಬರ್ ಹಚ್ಚಿದ್ರು. ಅವನಿಗೂ ‘ಒಮ್ಮೆ ಬರ್ರಿ ಮನಿಗೆ’ ಅಂದು ಫೋನ್ ಇಟ್ರು. ನೆನಪಿರಲಿ ರೀ, ಇವತ್ತ ಏಕಾದಶಿ. ಸಂಜಿಗೆ ಸಾಬೂದಾಣಿ ಖಿಚಡಿ ಮಾಡ್ತೀನಿ, ಅಲ್ಲೀತನಕ ಬಾಯಿ ಮುಚ್ಕೊಂಡಿರ್ರಿ, ಎರಡೂ ಕೆಲಸಕ್ಕ.”

ಶೇಂಗಾ ಪುಡಿ ಹಾಕಿ ಶಾಮಲಾಬಾಯಿ ಮಾಡುವ, ಉಪವಾಸಕ್ಕೂ ನಡೆಯುವ ಆ ಸಬ್ಬಕ್ಕಿ ಖಿಚಡಿ ರಾಯರಿಗೆ ಪ್ರಾಣ. ಹದಿನೈದು ದಿನಕ್ಕೊಮ್ಮೆ ಬರುವ ಆ ಒಂದು ತಾಟಿನ ಆಸೆಗೇ ಅವರು ಇಷ್ಟು ವರ್ಷ ಏಕಾದಶಿ ಬಿಟ್ಟಿರಲಿಲ್ಲ ಎಂದರೂ ತಪ್ಪಿಲ್ಲ.

ಮೆಟ್ಟಿಲು ಇಳಿಯುವಾಗ ಕೆಳಗಿನ ಮನೆಯ ಸೂರ್ಯಕಾಂತ ಅಡ್ಡ ಬಂದರು. ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ, ಅದರ ಜೊತೆಗೆ ಕನ್ನಡ ಸಂಘದ ಅಧ್ಯಕ್ಷಗಿರಿ. ಮೇಲಿನ ಮನೆಯಲ್ಲಿ ಆಡಿದ ಮಾತು ಕೆಳಗೆ ಕೇಳುವಂಥ ಕಟ್ಟಡ ಅದು.

“ಏನ್ರೀ ರಾಯರ, ನಮಗ ಸುದ್ದಿ ಇಲ್ಲದ ನಕ್ಷತ್ರಕ್ಕ ಫೋನ್ ಹಚ್ಚಾಕತ್ತೀರಂತ? ನಮ್ಮ ಸಂಘದ ಹೆಸರು ಒಂದ್ಸಲ ತಗೋರಿ, ಭಾಳ ಏನಿಲ್ಲ. ಕನ್ನಡದ ಮಾನ ನಿಮ್ಮ ಕೈಯಾಗ ಐತಿ.” ಆಮೇಲೆ ಹತ್ತಿರ ಬಂದು ಧ್ವನಿ ತಗ್ಗಿಸಿದರು. “ಅಲ್ರೀ, ಅಲ್ಲಿ ಹೆಣ್ಣಮಕ್ಕಳಿಗೆ ಎಷ್ಟು ಕೈ ಇರ್ತಾವು? ಆರು ಕೈ ಇದ್ರ ಒಂದು ಬ್ಲೌಸಿಗೆ ಅರಿವಿ ಎಷ್ಟು ಹಿಡೀತೈತಿ, ವಿಚಾರ ಮಾಡ್ರಿ!”

“ಹೌದ್ರಿ,” ಎಂದು ರಾಯರು ಬಸ್ಸು ಹಿಡಿದರು.

ಕೇಂದ್ರದಲ್ಲಿ ಡಾಕ್ಟರ್ ವಿಶ್ವಜಿತ್ ಕಾಯುತ್ತಿದ್ದರು. ಮೂಲ ಧಾರವಾಡದವರು, ಜಗತ್ತೆಲ್ಲ ಸುತ್ತಿ ಬಂದವರು. ಕನ್ನಡ ಮಾತಾಡಲು ರಾಯರೊಬ್ಬರೇ ಸಿಗುತ್ತಿದ್ದುದರಿಂದ ಆ ಭಾಷೆಯನ್ನು ಅವರು ಬೈಯಲಿಕ್ಕೆ ಮಾತ್ರ ಇಟ್ಟುಕೊಂಡಿದ್ದರು. ಇವತ್ತು ಬೈಯಲಿಲ್ಲ, ಒಂದು ಹಾಳೆ ಕೊಟ್ಟರು.

“ನೀವು ಮನಿಯಾಗ ಪೂಜಿ ಮಾಡ್ರಿ ಶ್ರೀನಿವಾಸ್, ನಾ ಬ್ಯಾಡನ್ನೂದಿಲ್ಲ. ಇದರಾಗ ದೇವರು, ಲೋಕ, ಆಶೀರ್ವಾದ ಏನೂ ಬರಬಾರದು. ಸಾವಿರಾರು ವರ್ಷ ಮಂದಿ ಆಕಾಶಕ್ಕ ಬರೇ ಉತ್ತರಾ ಹೇಳಿದ್ರು. ನಾವು ಮೊದಲನೇ ಸಲ ಒಂದು ಪ್ರಶ್ನಿ ಕೇಳ್ಲಿಕ್ಕತ್ತೀವಿ. ಅದರ ಘನತೆ ಉಳೀಬೇಕು.”

“ಹೌದ್ರಿ ಸರ್.”

“ಇನ್ನೊಂದು. ವಿಳಾಸ ಹೇಳಬ್ಯಾಡ್ರಿ, ಬರ್ರಿ ಅಂತ ಕರೀಬ್ಯಾಡ್ರಿ. ಅವರು ಎಂಥಾವರೋ ಏನೋ. ನಮಗಿಂತ ಮುಂದ ಹೋದವರು ಇದ್ರ, ಬಂದು ನಮ್ಮನ್ನ ಏನು ಮಾಡ್ತಾರೋ ಯಾರಿಗೆ ಗೊತ್ತು?”

ಭಾವನವರೂ ಸಾಹೇಬರೂ ಜಗತ್ತಿನಲ್ಲಿ ಒಪ್ಪುವ ಮಾತು ಇದೊಂದೇ ಇರಬೇಕು ಎಂದುಕೊಂಡರು ರಾಯರು. ಆ ಧೈರ್ಯದ ಮೇಲೆ ಬಾಯಿ ತೆಗೆದರು. “ಸರ್, ನಂದೂ ಒಂದು ಸಣ್ಣ ಮಾತಿತ್ತು. ನಮ್ಮ ಅವ್ವ...”

ಅಷ್ಟರಲ್ಲಿ ಸಾಹೇಬರ ಫೋನು ಬಂತು. ಅವರು ಕೈ ಸನ್ನೆ ಮಾಡಿದರು. ರಾಯರು ಅವ್ವನನ್ನು ಅರ್ಧಕ್ಕೇ ನಿಲ್ಲಿಸಿ ಹೊರಗೆ ಬಂದರು. ಎರಡೂ ಹಾಳೆಗಳು ಅಂಗಿಯ ಒಂದೇ ಕಿಸೆಯಲ್ಲಿ ಒಂದಕ್ಕೊಂದು ಬೆನ್ನು ಮಾಡಿ ಕೂತಿದ್ದವು. ತಮ್ಮ ಮಾತಿಗೆ ಇನ್ನು ಜಾಗವಿಲ್ಲ ಎಂದು ಅವರಿಗೆ ತಿಳಿಯಿತು, ಹೊಟ್ಟೆಯ ಹಸಿವಿಗಿಂತ ಅದೇ ಹೆಚ್ಚು ಸಂಕಟವಾಯಿತು.

ಮೂರು ಗಂಟೆಗೆ ಧ್ವನಿಮುದ್ರಣ. ಎಲ್ಲ ಭಾಷೆ ಮುಗಿದು ಕನ್ನಡವೊಂದೇ ಉಳಿದಿತ್ತು. ನಾಲ್ಕಕ್ಕೆ ಸರಿಯಾಗಿ ಎಲ್ಲವನ್ನೂ ದೂರದ ದೊಡ್ಡ ಆಂಟೆನಾಕ್ಕೆ ಕಳಿಸಬೇಕು, ನಾಲ್ಕೂವರೆಗೆ ಅದು ಆಕಾಶಕ್ಕೆ ಹೋಗಬೇಕು. ರಾಯರು ಹೋಗಿ ನೋಡುತ್ತಾರೆ, ಧ್ವನಿಮುದ್ರಣದ ಕೋಣೆಯ ಹೊರಗೆ ಬೆಂಚಿನ ಮೇಲೆ ಶಾಲು ಹೊದ್ದು ಭಾವ ಕೂತಿದ್ದಾರೆ! ತಮ್ಮ ಹಾಳೆಯನ್ನೇ ಓದುತ್ತಾರೋ ಇಲ್ಲವೋ ಎಂದು ಕಣ್ಣಾರೆ ನೋಡಲು ಬಂದದ್ದು. ಹಿಂದೆಯೇ ಡಾಕ್ಟರ್ ವಿಶ್ವಜಿತ್ ಬಂದರು. ಪರಿಚಯ ಮಾಡಿಸುವುದರೊಳಗೆ ವಾದ ಸುರುವಾಗಿತ್ತು.

“ನಿಮ್ಮ ಹದಿನಾಲ್ಕು ಲೋಕಕ್ಕ ಆಧಾರ ಏನ್ರಿ?”

“ಹಿರಿಯರ ಮಾತು. ನಿಮ್ಮ ಗ್ರಹದಾಗ ಜೀವ ಅದ ಅನ್ನೂದಕ್ಕ?”

“ಅದ ಅಂತ ನಾವು ಅನ್ನೂದಿಲ್ಲ, ಇರಬಹುದು ಅಂತೀವಿ. ಅದಕ್ಕ ಕಿವಿಗೊಟ್ಟು ಕೂತೀವಿ.”

“ಎಷ್ಟು ವರ್ಷ ಆತು?”

“ಜಗತ್ತಿನಾಗ ಸುರು ಆಗಿ ಅರವತ್ತರ ಮ್ಯಾಲೆ ಆತು.”

“ಒಬ್ಬರರೆ ಓ ಅಂದಾರೇನು?”

“ಇಲ್ಲ,” ಎಂದು ಸಾಹೇಬರು ಕನ್ನಡಕ ಸರಿ ಮಾಡಿಕೊಂಡರು.

ಆಚಾರ್ಯರು ಗೆದ್ದ ನಗೆ ನಗಬೇಕಾಗಿತ್ತು, ನಗಲಿಲ್ಲ. “ನಾನೂ ನಲವತ್ತು ವರ್ಷದಿಂದ ದಿನಾ ಮುಂಜಾನೆ ಕರೀತೀನಿ,” ಎಂದರು. “ಖರೇ ಹೇಳಬೇಕಂದ್ರ, ನನಗೂ ಯಾರೂ ಓ ಅಂದಿಲ್ಲ. ಆದ್ರ ಬಿಟ್ಟಿಲ್ಲ.”

“ನಾವೂ ಬಿಟ್ಟಿಲ್ಲ,” ಎಂದರು ಸಾಹೇಬರು.

ಆಚಾರ್ಯರು ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. ಇನ್ನೇನು ಕೈ ಕೈ ಹಿಡಿಯುತ್ತಾರೆ ಎಂದು ರಾಯರಿಗೆ ಆಸೆ ಹುಟ್ಟಿತು. ಅಷ್ಟರಲ್ಲಿ ಸಾಹೇಬರ ಕಣ್ಣು ರಾಯರ ಕಿಸೆಯಿಂದ ಇಣುಕುತ್ತಿದ್ದ ಆಚಾರ್ಯರ ಹಾಳೆಯ ಮೇಲೆ ಬಿತ್ತು. ಅವರು ಅದನ್ನು ಎಳೆದು ಓದಿದರು. “‘ಸಕಲ ಲೋಕಗಳ ಪುಣ್ಯಾತ್ಮರೇ, ತಮ್ಮ ಪಾದಾರವಿಂದಗಳಿಗೆ...’ ಏನ್ರಿ ಇದು? ಅವರಿಗೆ ಪಾದ ಇದ್ದಾವಂತ ಯಾರು ಹೇಳಿದ್ರು?” ಎಂದು ಕೇಳಿದ್ದೇ ತಡ, ಹೊರಗಿನ ಕಾರಿಡಾರು ಮತ್ತೆ ಕುದಿಯತೊಡಗಿತು. ರಾಯರು ಹಾಳೆಯನ್ನು ಮೆಲ್ಲಗೆ ವಾಪಸು ತೆಗೆ­ದುಕೊಂಡು ಒಳಗೆ ನುಸುಳಿ ಬಾಗಿಲು ಹಾಕಿಕೊಂಡರು.

ಒಳಗೆ ಗಗನ ಇದ್ದಳು. ಧ್ವನಿಮುದ್ರಣದ ಎಂಜಿನಿಯರು; ವರಂಗಲ್ ಕಡೆಯ ಹುಡುಗಿ, ಕನ್ನಡದ ಒಂದಕ್ಷರ ಬಾರದು. ಬೆಳಗಿನಿಂದ ಹದಿಮೂರು ಭಾಷೆ ಕೇಳಿ ಕಣ್ಣು ಬತ್ತಿಹೋಗಿದ್ದವು. ರಾಯರನ್ನು ಮೈಕಿನ ಮುಂದೆ ಕೂಡಿಸಿ, “ಏದೈನಾ ಮಾಟ್ಲಾಡಂಡಿ ಸಾರ್,” ಎಂದಳು. ಏನಾದರೂ ಮಾತಾಡಿ, ಫೋನಿನಲ್ಲಿ ಮಾತಾಡಿದ ಹಾಗೆ, ನಿಮ್ಮ ಧ್ವನಿ ಎಷ್ಟು ದೊಡ್ಡದಿದೆ ನೋಡಿಕೊಳ್ಳುತ್ತೇನೆ, ಓದುವುದು ಆಮೇಲೆ.

ಗಾಜಿನ ಆಚೆ ಇಬ್ಬರು ದೊಡ್ಡವರ ಬಾಯಿ ಆಡುತ್ತಿತ್ತು, ಸದ್ದು ಕೇಳುತ್ತಿರಲಿಲ್ಲ. ರಾಯರು ಗಗನಳ ಬಾಡಿದ ಮುಖ ನೋಡಿ ಏನೇನೋ ಮಾತಾಡಿದರು. ಏನಂದಿರಿ ಎಂದು ಕೇಳಿದ್ದರೆ ಅವರಿಗೇ ನೆನಪಿರುತ್ತಿರಲಿಲ್ಲ. ಅವಳು ಹೆಬ್ಬೆರಳು ಎತ್ತಿ ತೋರಿಸಿದಳು.

ಆಮೇಲೆ ಸಾಹೇಬರ ಹಾಳೆ ಬಿಚ್ಚಿ “ನಾವು ಇಂಗಾಲದಿಂದಾದ, ಎರಡು ಕಾಲಿನ ಜೀವಿಗಳು” ಎನ್ನುತ್ತಿದ್ದಂತೆ ಬಾಗಿಲು ತೆರೆದು ಆಚಾರ್ಯರು ನುಗ್ಗಿದರು. “ಇದ್ದಲಿಯಿಂದ ಆದವರೇನ್ರಿ ನಾವು? ನಿಮ್ಮ ಕುಲ ಗೋತ್ರ ಎಲ್ಲೆ ಹೋತು?” ಗಗನ ಅವರನ್ನು ಹೊರಗೆ ಕಳಿಸಿದಳು. ನ್ಯಾಯ ಎರಡೂ ಕಡೆ ಇರಲಿ ಎಂದು ರಾಯರು ಆಚಾರ್ಯರ ಹಾಳೆ ಬಿಚ್ಚಿದರು. “ಸಕಲ ಲೋಕಗಳ” ಎಂಬಲ್ಲಿಗೆ ಸಾಹೇಬರು ನುಗ್ಗಿದರು. ಮೂರನೆಯ ಸಲ ಇಬ್ಬರೂ ಒಟ್ಟಿಗೇ ಬಾಗಿಲಲ್ಲಿ ಸಿಕ್ಕಿಕೊಂಡರು. ಗೋಡೆಯ ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಗಗನ ಮೂವರನ್ನೂ ಹೊರಗೆ ಹಾಕಿ ಚಿಲಕ ಜಡಿದಳು. ಐದು ನಿಮಿಷದ ಮೇಲೆ ಬಾಗಿಲು ತೆರೆದು, ಒಂದು ಚೆನ್ನಾಗಿ ಬಂದಿತ್ತು, ಅದನ್ನೇ ಕಳಿಸಿದೆ ಎಂದು ತೆಲುಗಿನಲ್ಲಿ ಹೇಳಿ ಹೊರಟುಹೋದಳು.

ಆ ಚೆನ್ನಾಗಿ ಬಂದದ್ದು ತಮ್ಮ ಹಾಳೆಯೇ ಎಂದು ಸಾಹೇಬರು ತಿಳಿದರು. ಆಚಾರ್ಯರೂ ಹಾಗೇ ತಿಳಿದರು. ಇಬ್ಬರೂ ಗೆದ್ದ ಮುಖ ಮಾಡಿಕೊಂಡು ಸಾಹೇಬರ ಕೋಣೆಯಲ್ಲಿ ಎದುರುಬದುರು ಕೂತು ಪರಸ್ಪರ ಭಾಳ ಮರ್ಯಾದೆಯಿಂದ ಮಾತಾಡತೊಡಗಿದರು. ರಾಯರು ಬಾಗಿಲ ಹತ್ತಿರ ನಿಂತರು.

ಐದೂಕಾಲಿಗೆ ರಾಯರ ಫೋನು ಹೊಡೆದುಕೊಂಡಿತು. ಸೂರ್ಯಕಾಂತ. ಆ ಮನುಷ್ಯನ ಧ್ವನಿ ಫೋನಿಲ್ಲದೆಯೂ ಕೇಳುವಂಥದ್ದು. “ರಾಯರ! ನಿಮ್ಮ ಕೇಂದ್ರದವರು ಹದಿನಾಕೂ ಭಾಷಾ ನೆಟ್ಟಿನ್ಯಾಗ ಹಾಕ್ಯಾರ. ಕನ್ನಡದ್ದು ಕೇಳಿ ನಾ ಅಂಗಡ್ಯಾಗ ಗಿರಾಕಿ ಮುಂದ ಅತ್ತಬಿಟ್ಟೆ. ಸಂಘದ ಎಲ್ಲಾ ಗ್ರೂಪಿಗೂ ಕಳಸೀನಿ!”

ಸಾಹೇಬರು ಅಳುವಂಥದ್ದೇನೂ ಬರೆದಿರಲಿಲ್ಲ. ಆಚಾರ್ಯರೂ ಬರೆದಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸಾಹೇಬರು ಕಂಪ್ಯೂಟರಿನಲ್ಲಿ ಕನ್ನಡದ ತುಣುಕು ಹುಡುಕಿ ಒತ್ತಿದರು. ರಾಯರ ಧ್ವನಿ ಕೋಣೆಯ ತುಂಬ ಬಂತು.

“ಹಲೋ... ಹಲೋ, ಕೇಳಸ್ತದೇನ್ರಿ? ನಾನ್ರಿ, ಶ್ರೀನಿವಾಸ. ಹೈದರಾಬಾದಿನಿಂದ ಮಾತಾಡ್ಲಿಕ್ಕತ್ತೀನಿ. ಆರಾಮ ಇದ್ದೀರೇನ್ರಿ? ಮನಿಯಾಗ ಎಲ್ಲಾರೂ ಆರಾಮ? ಊಟಾ ಆತೇನ್ರಿ? ಏನಿಲ್ಲ, ನಮ್ಮ ಅವ್ವ ಕೇಳ್ತಿದ್ಳು, ಅವರದು ಊಟಾ ಆಗ್ಯದೋ ಇಲ್ಲೋ ಅಂತ. ಅಕಿ ಈಗಿಲ್ಲ. ಅದಕ್ಕ ನಾನ ಕೇಳಿದೆ. ಒಮ್ಮೆ ಬರ್ರಿ ಮನಿಗೆ. ಮೆಹದಿಪಟ್ಟಣಂದಾಗ ಇಳೀರಿ, ಫ್ಲೈಓವರಿನ ಪಿಲ್ಲರ್ ನಂಬರ್ ಇಪ್ಪತ್ತೆಂಟರ ಎದುರು ಸಂದಿ, ಇಸ್ತ್ರಿ ಅಂಗಡಿ ಬಾಜೂಕ, ಮೂರನೇ ಮಹಡಿ. ಲಿಫ್ಟ್ ಬಂದ್ ಅದ, ಮೆಟ್ಟಲಾ ಹತ್ತಬೇಕು, ಬ್ಯಾಸರ ಮಾಡ್ಕೋಬ್ಯಾಡ್ರಿ. ಯಾವಾಗ ಬಂದ್ರೂ ನಡೀತದ. ಇವತ್ತ ಸಂಜಿಗೆ ಬಂದ್ರೂ ಛಲೋನ. ಊಟಾ ಮಾಡ್ಕೊಂಡ ಹೋಗೂರಂತ. ಹಾಂ... ಇಡ್ಲೇನ್ರಿ?”

ತುಣುಕು ಮುಗಿಯಿತು. ಡಾಕ್ಟರ್ ವಿಶ್ವಜಿತ್ ಕನ್ನಡಕ ತೆಗೆದು ಒರೆಸಿದರು. ಆಚಾರ್ಯರು ಕಿಟಕಿಯ ಆಚೆ ಏನನ್ನೋ ನೋಡುತ್ತಿದ್ದರು. ರಾಯರಿಗೆ ಎದೆಯೊಳಗೆ ಒಂದು ಕಡೆ ತಣ್ಣಗಾಯಿತು. ಅವ್ವನ ಮಾತು ಹೋಯಿತು. ಯಾರಿಗೂ ತಿಳಿಯದೆ, ತಮಗೂ ತಿಳಿಯದೆ, ಅವಳ ಮಾತೇ ಹೋಯಿತು.

“ವಿಳಾಸ!” ಎಂದು ಸಾಹೇಬರು ಎಚ್ಚೆತ್ತು ಕೂಗಿದರು. “ಪಿಲ್ಲರ್ ನಂಬರ್ ಸಮೇತ ಹೇಳ್ಯಾರ! ಸಿಗ್ನಲ್ ಈಗ ಗುರುಗ್ರಹದ ಹತ್ತಿರ ಅದ. ಇನ್ನ ಹಿಂದಕ್ಕ ಕರೀಲಿಕ್ಕೆ ಆಗೂದಿಲ್ಲ.”

“ಏಕಾದಶಿ ದಿನ ಊಟಕ್ಕ ಕರದಾರ!” ಎಂದು ಆಚಾರ್ಯರೂ ಕೂಗಿದರು. “ಉಪವಾಸದ ದಿನ ಬ್ರಹ್ಮಾಂಡಕ್ಕೆಲ್ಲಾ ಊಟಾ ಆತೇನು ಅಂತ ಕೇಳ್ಯಾರ!”

“ಅದು ಇವತ್ತ ಮುಟ್ಟೂದಿಲ್ರಿ. ಹನ್ನೆರಡು ವರ್ಷ ಬೇಕು. ಆವತ್ತ ಯಾವ ತಿಥಿ ಇರ್ತದೋ.”

ಆಚಾರ್ಯರು ಶಾಲು ಸರಿಸಿ ಮೇಜಿನ ಹತ್ತಿರ ಬಂದರು. “ಅದೂ ಖರೇ. ಒಂದು ಹಾಳಿ ಕೊಡ್ರಿ,” ಎಂದರು. ಬರೆಯಲು ಕೂತವರು ಅರ್ಧಕ್ಕೆ ಪೆನ್ನು ಎತ್ತಿದರು. “ತಿಥಿ ಅಂದ್ರ ಸೂರ್ಯ ಚಂದ್ರರ ನಡುವಿನ ಅಂತರ. ಅವರ ಸೂರ್ಯ ಬ್ಯಾರೆ. ಅವರಿಗೆ ಚಂದ್ರ ಇದ್ದಾನೇನು?”

“ಗೊತ್ತಿಲ್ಲ. ಇರಬಹುದು. ಎರಡು ಇದ್ರೂ ಇರಬಹುದು,” ಎಂದು ಸಾಹೇಬರು ಕುರ್ಚಿ ಹತ್ತಿರಕ್ಕೆ ಎಳೆದರು.

“ಎರಡು ಚಂದ್ರ ಇದ್ರ ಎರಡು ಪಂಚಾಂಗ ಬೇಕು. ಎರಡರದೂ ಏಕಾದಶಿ ಹಿಡೀಬೇಕು. ಅಯ್ಯ ಪಾಪ, ಎಷ್ಟು ಉಪವಾಸ ಮಾಡ್ತಾರೋ!”

“ತಡೀರಿ, ತಡೀರಿ. ಚಂದ್ರ ಭಾಳ ಸಮೀಪ ಇದ್ರ ಎಂಟು ತಾಸಿನಾಗ ಒಂದು ಸುತ್ತು ಹಾಕ್ತಾನ. ಆವಾಗ?”

“ಎಂಟು ತಾಸಿಗೆ ಒಂದು ತಿಂಗಳು. ಮೂವತ್ತು ತಿಥಿ.” ಆಚಾರ್ಯರು ಬೆರಳು ಮಡಿಚಿದರು, ಸಾಹೇಬರು ಕ್ಯಾಲ್ಕುಲೇಟರು ಒತ್ತಿದರು. ಇಬ್ಬರ ಉತ್ತರವೂ ಒಂದೇ ಬಂತು.

“ಒಂದು ಏಕಾದಶಿ ಹದಿನಾರು ನಿಮಿಷ!” ಎಂದರು ಸಾಹೇಬರು.

“ಹಂಗಿದ್ರ ನಿರ್ಜಲ ಉಪವಾಸ ನೀವೂ ಮಾಡಬಹುದು,” ಎಂದರು ಆಚಾರ್ಯರು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಎಂಬ ಜಗಳ ಎಲ್ಲಿ ಹೋಯಿತೋ, ಅವರ ಹಸಿವಿನ ಚಿಂತೆ ಇಬ್ಬರಿಗೂ ಹತ್ತಿತ್ತು. ತಮ್ಮ ಒಂದು ಪ್ರಶ್ನೆ ಇಷ್ಟು ಮಾಡಿತಲ್ಲ ಎಂದು ರಾಯರಿಗೆ ಹೆಮ್ಮೆಯಾಯಿತು. ಆ ಸಂತೋಷದಲ್ಲಿ ತಾವೂ ನಕ್ಕರು. ನಗಬಾರದಿತ್ತು.

“ನೀವೇನು ನಗ್ತೀರಿ?” ಎಂದು ಇಬ್ಬರೂ ಒಂದೇ ಧ್ವನಿಯಲ್ಲಿ ತಿರುಗಿದರು.

ಶಿಕ್ಷೆ ಅಲ್ಲೇ ತೀರ್ಮಾನವಾಯಿತು. ಸೋಮವಾರ ಬೆಳಿಗ್ಗೆ ರಾಯರು ಲಿಖಿತ ವಿವರಣೆ ಕೊಡಬೇಕು, ಇನ್ನು ಮೇಲೆ ಟಪಾಲು ಬಿಟ್ಟು ಬೇರೆ ಯಾವುದಕ್ಕೂ ಹೆಸರು ಕೊಡಬಾರದು. ಪ್ರಾಯಶ್ಚಿತ್ತಕ್ಕೆ ಮುಂದಿನ ನಾಲ್ಕು ಏಕಾದಶಿ ಹನಿ ನೀರೂ ಇಲ್ಲದೆ ಮಾಡಬೇಕು. ವಿಜ್ಞಾನಕ್ಕೂ ಧರ್ಮಕ್ಕೂ ಹೀಗೆ ಸಂಪೂರ್ಣ ರಾಜಿಯಾಯಿತು.

ಆಚಾರ್ಯರನ್ನು ಬಿಡಲು ಸಾಹೇಬರು ತಮ್ಮ ಕಾರು ತರಿಸಿದರು. ಹಿಂದಿನ ಸೀಟಿನಲ್ಲಿ ಚಂದ್ರರ ಸಂಖ್ಯೆ ಮೂರಕ್ಕೇರಿತ್ತು. ಅದು ಇತ್ಯರ್ಥವಾಗದೆ ಇಬ್ಬರೂ ಸುಲ್ತಾನ್ ಬಜಾರಿನಲ್ಲಿ ಇಳಿಯದೆ ರಾಯರ ಮನೆಗೇ ಬಂದರು. ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತ ರಾಯರಿಗೆ ಕಣ್ಣ ಮುಂದೆ ಖಿಚಡಿಯ ತಾಟು ಮಾತ್ರ ಕಾಣುತ್ತಿತ್ತು.

ಕಟ್ಟಡದ ಬಾಗಿಲಿನಿಂದಲೇ ಚಪ್ಪಲಿಗಳು ಸುರುವಾಗಿದ್ದವು. ಒಂದೊಂದು ಮೆಟ್ಟಿಲಿಗೂ ಎರಡು ಜೊತೆ, ಮೂರನೆಯ ಮಹಡಿಯವರೆಗೆ. ಬಾಗಿಲಲ್ಲಿ ಸೂರ್ಯಕಾಂತ ಮದುವೆ ಮನೆಯ ಯಜಮಾನನಂತೆ ನಿಂತಿದ್ದರು.

“ಬರ್ರಿ ರಾಯರ, ಬರ್ರಿ! ಇವತ್ತ ಸಂಜಿಗೆ ಬಂದ್ರೂ ಛಲೋನ ಅಂತ ನೀವ ಅಂದೀರಲ್ಲ. ಸಂಘದ ಮಂದಿ ನಲವತ್ತು ಜನ ಬಂದಾರ. ವಿಳಾಸ ಏನ್ ಹೇಳೀರಿ, ಒಬ್ಬರೂ ದಾರಿ ತಪ್ಪಿಲ್ಲ!”

ಅಡಿಗೆಮನೆಯಿಂದ ಶಾಮಲಾಬಾಯಿ ಗಂಡನನ್ನು ನೋಡಿದ ನೋಟಕ್ಕೆ ವಿಸರ್ಜನದ ಮಂತ್ರ ಬೇರೆ ಬೇಕಾಗಿರಲಿಲ್ಲ. ಆದರೆ ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸುವ ಹೆಂಗಸು ಅವರೂ ಅಲ್ಲ. ಉಪವಾಸ ಇಲ್ಲದವರಿಗೆ ಒಗ್ಗರಣೆ ಅವಲಕ್ಕಿ ಕಡಾಯಿಗಟ್ಟಲೆ ಆಯಿತು. ಬೆಳಿಗ್ಗೆ ನೆನೆಸಿದ ಸಾಬೂದಾಣಿ ಅಣ್ಣನಿಗೊಂದು ತಾಟು ಹೋಯಿತು. ಸಾಹೇಬರು ವಾಸನೆ ಹಿಡಿದು, “ಹದಿನಾರು ನಿಮಿಷದ ಏಕಾದಶಿ ನಂದೂ ಆತು,” ಎಂದು ಎರಡು ಸಲ ಹಾಕಿಸಿಕೊಂಡರು. ಉಳಿದದ್ದನ್ನು ಶಾಮಲಾಬಾಯಿ ಒಂದು ತಾಟಿಗೆ ಹಾಕಿ, ಅತ್ತೆಯ ಪದ್ಧತಿಯ ಹಾಗೇ ಬಟ್ಟೆ ಮುಚ್ಚಿ ಕಟ್ಟೆಯ ಮೂಲೆಗೆ ಸರಿಸಿದರು. ಸಿಟ್ಟೆಷ್ಟೇ ಇರಲಿ, ಗಂಡ ಬೆಳಗಿನಿಂದ ಏನೂ ತಿಂದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಏಳೂವರೆಗೆ ಮನೆ ಖಾಲಿಯಾಯಿತು. ನಲವತ್ತು ಜನರೂ ಬಾಗಿಲಲ್ಲಿ ನಿಂತು ರಾಯರ ಮಾತನ್ನು ಹೊಗಳಿದರು. ನಲವತ್ತು ಜನರಿಗೂ ರಾಯರು ಕೈ ಮುಗಿದು, “ಮತ್ತ ಬರ್ರಿ ಮನಿಗೆ,” ಎಂದರು. ಕೊನೆಯವರು ಇಳಿದು ಹೋದ ಮೇಲೆ ಅವರು ಬಂದು ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ತಾಟಿನ ಮೇಲಿನ ಬಟ್ಟೆ ತೆಗೆದರು. ಕರೆಗಂಟೆ ಹೊಡೆದುಕೊಂಡಿತು.

ಬಾಗಿಲಲ್ಲಿ ಹಸಿರು ಚೂಡಿದಾರದ ಒಂದು ಆಕೃತಿ ನಿಂತಿತ್ತು. ಬೆಳಗಿನಿಂದ ಬೇರೆ ಗ್ರಹದವರ ಮಾತೇ ತಲೆಯಲ್ಲಿ ಸುತ್ತುತ್ತಿದ್ದುದರಿಂದ ಆ ಬಣ್ಣ ನೋಡಿ ರಾಯರ ಎದೆ ಒಮ್ಮೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಗಗನ.

ಅವಳು ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ತೆಲುಗಿನಲ್ಲಿ ಹೇಳಿದಳು. ತುಣುಕು ಕಳಿಸಿದ ಮೇಲೆ, ಈ ಸಾರ್ ಏನಂದಿರಬಹುದು ಎಂದು ಕುತೂಹಲವಾಯಿತಂತೆ. ಹಾಸ್ಟೆಲಿನಲ್ಲಿ ರಾಯಚೂರಿನ ಗೆಳತಿಯೊಬ್ಬಳಿಂದ ಅರ್ಥ ಮಾಡಿಸಿಕೊಂಡಳಂತೆ. “ಆ ಕೋಣೆಯಲ್ಲಿ ಇದ್ದದ್ದು ನಾನೊಬ್ಬಳೇ ಅಲ್ಲವಾ ಸಾರ್? ನನ್ನನ್ನೇ ಕೇಳಿದಿರಿ ಅಂದುಕೊಂಡೆ. ಬೆಳಗಿನಿಂದ ಹದಿನಾಲ್ಕು ಭಾಷೆಯವರು ಬಂದು ಹೋದರು, ನಕ್ಷತ್ರದವರಿಗೆ ಏನೇನೋ ಹೇಳಿದರು. ಊಟ ಆಯಿತಾ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ. ಮಧ್ಯಾಹ್ನ ಆಗಿರಲೇ ಇಲ್ಲ, ಹಾಸ್ಟೆಲಿನಲ್ಲೂ ಮುಗಿದಿತ್ತು. ಅದಕ್ಕೇ ಪಿಲ್ಲರ್ ನಂಬರ್ ನೋಡಿಕೊಂಡು ಬಂದುಬಿಟ್ಟೆ.”

ಶಾಮಲಾಬಾಯಿ ಕಡಾಯಿ ನೋಡಿದರು, ತಳ ಹೊಳೆಯುತ್ತಿತ್ತು. ಡಬ್ಬಿಗಳನ್ನು ನೋಡಿದರು. ಆಮೇಲೆ ಗಂಡನನ್ನು ನೋಡಿದರು. ರಾಯರು ಆಗಲೇ ತಮ್ಮ ತಾಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವಳ ಮುಂದೆ ಇಟ್ಟಿದ್ದರು.

ಗಗನ ಗಬಗಬನೆ ನಾಲ್ಕು ತುತ್ತು ತಿಂದಳು. ಐದನೆಯ ತುತ್ತು ಬಾಯಿಯ ಹತ್ತಿರ ಒಯ್ದವಳು ಏನೋ ನೆನಪಾದಂತೆ ತಡೆದಳು. ತಲೆ ಎತ್ತಿ, “ಮೀರು ತಿನ್ನಾರಾ ಸಾರ್?” ಎಂದು ಕೇಳಿದಳು.

ನಿಮ್ಮದು ಊಟ ಆಯಿತೇ? ಹೋಗಲು ಹನ್ನೆರಡು ವರ್ಷ, ಉತ್ತರ ಬರಲು ಹನ್ನೆರಡು ವರ್ಷ ಎಂಬುದು ಸಾಹೇಬರ ಲೆಕ್ಕ. ನಾಲ್ಕು ತಾಸಿನೊಳಗೆ ಬಂದುಬಿಟ್ಟಿತ್ತು. ಅರವತ್ತು ವರ್ಷ ಕಿವಿಗೊಟ್ಟವರಿಗೆ, ನಲವತ್ತು ವರ್ಷ ಕೂಗಿದವರಿಗೆ ಬಾರದ ‘ಓ’ ರಾಯರ ಅಡಿಗೆಮನೆಯಲ್ಲಿ, ತೆಲುಗಿನಲ್ಲಿ, ಬಾಯಿತುಂಬ ಸಾಬೂದಾಣಿ ಇಟ್ಟುಕೊಂಡು ಬಂದಿತ್ತು. ಅವ್ವ ಇರಬೇಕಾಗಿತ್ತು ಎನಿಸಿತು ರಾಯರಿಗೆ. ಇಡೀ ದಿನದಲ್ಲಿ ಅವರನ್ನು ಆ ಮಾತು ಕೇಳಿದವಳು ಇವಳೊಬ್ಬಳು. ಇಲ್ಲ, ಬೆಳಗಿನಿಂದ ಏನೂ ತಿಂದಿಲ್ಲ ತಾಯಿ, ಹಸಿವೆಯಿಂದ ತಲೆ ಸುತ್ತುತ್ತಿದೆ ಎಂದು ನಿಜ ಹೇಳಿಬಿಡಬೇಕು ಎಂದು ಅವರು ಬಾಯಿ ತೆರೆದರು.

“ಆತಮ್ಮಾ, ಆತು,” ಎಂದಿತು ಬಾಯಿ, ಐವತ್ತೇಳು ವರ್ಷದ ಅಭ್ಯಾಸದಂತೆ. “ನಂದು ಆಗಳೇ ಆತು. ನೀ ಸಾವಕಾಶ ಉಣ್ಣು, ಸಂಕೋಚ ಮಾಡ್ಕೋಬ್ಯಾಡ.”

ಶಾಮಲಾಬಾಯಿ ಹಣೆ ಹಣೆ ಬಡಿದುಕೊಂಡರು. ರಾಯರು ಒಂದು ಲೋಟ ನೀರು ಕುಡಿದು, ಕಿಟಕಿಯ ಹತ್ತಿರ ಹೋಗಿ, ಫ್ಲೈಓವರಿನ ಮೇಲಿನ ತುಂಡು ಆಕಾಶ ನೋಡುತ್ತ ನಿಂತರು. ಎರಡು ಚಂದ್ರರ ಆ ಊರಿನಲ್ಲಿ ಈ ಹೊತ್ತಿಗೆ ಏಕಾದಶಿ ಮುಗಿದು ಎಲ್ಲರೂ ಊಟಕ್ಕೆ ಕೂತಿರುತ್ತಾರೆ ಎಂದುಕೊಂಡರು.